ಜೀವದ ಉಗಮ: ನಂಬಿಕೆಯ ಮಾತು, ವಿಜ್ಞಾನದ ಮಾತು

ಭೂಮಿಯ ಮೇಲೆ ಜೀವವು ಹೇಗೆ ಮೊದಲಾಯಿತೆಂಬ ಪ್ರಶ್ನೆಯು ಮನುಷ್ಯನ ವಿಚಾರಶಕ್ತಿಯಷ್ಟೇ ಹಳೆಯದು. ಬೀಜ ಮೊದಲೋ ವೃಕ್ಷ ಮೊದಲೋ ಎಂದು ಊರ ಜಗಲಿಯಲ್ಲಿ ಕುಳಿತು ನಮ್ಮ ಹಿರಿಯರು ತರ್ಕಿಸುತ್ತಿದ್ದುದು ಇದೇ ಪ್ರಶ್ನೆಯ ಇನ್ನೊಂದು ರೂಪ. ಜಗಲಿಯಿಲ್ಲದ ಈ ಮಹಾನಗರಕ್ಕೆ ಬಂದು ನೆಲೆಸಿದ ಮೇಲೂ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಸಯನ್, ಮಾಟುಂಗ, ವಡಾಳ, ಚೆಂಬೂರುಗಳ ಕನ್ನಡ ಮನೆಗಳಲ್ಲಿ ಮಗುವು ರಾತ್ರಿ ಅಜ್ಜಿಯ ಬಾಯಿಂದ ಬ್ರಹ್ಮನ ಸೃಷ್ಟಿಯ ಕಥೆಯನ್ನು ಕೇಳುತ್ತದೆ. ಬೆಳಗಾದರೆ ಶಾಲೆಯಲ್ಲಿ ಜೀವಕೋಶದ ಪಾಠವನ್ನು ಓದುತ್ತದೆ. ಇವೆರಡರಲ್ಲಿ ಯಾವುದು ನಿಜವೆಂದು ಅದು ಕೇಳಿದಾಗ ತಂದೆತಾಯಿಗಳು ಒಂದೋ ಗದರಿಸಿ ಸುಮ್ಮನಾಗಿಸುತ್ತಾರೆ, ಇಲ್ಲವೇ ಎರಡೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಎರಡೂ ಸರಿಯಾದ ಉತ್ತರವಲ್ಲ.

ಧರ್ಮಗ್ರಂಥಗಳು ಈ ವಿಷಯದಲ್ಲಿ ಏನು ಹೇಳಿವೆ, ವಿಜ್ಞಾನವು ಏನನ್ನು ಕಂಡುಕೊಂಡಿದೆ, ಇವುಗಳ ನಡುವೆ ನಿಜವಾದ ಜಗಳ ಎಲ್ಲಿದೆ, ಕಲ್ಪಿತ ಜಗಳ ಎಲ್ಲಿದೆ, ಮತ್ತು ಈ ವಿಚಾರಕ್ಕೂ ನಮ್ಮ ಆರೋಗ್ಯಕ್ಕೂ ಏನು ಸಂಬಂಧ ಎಂಬುದನ್ನು ಸಾಧ್ಯವಾದಷ್ಟು ಸರಳವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಪರಂಪರೆ ಆಡಿದ್ದು ಒಂದೇ ಮಾತೆ?

ಧರ್ಮವು ಒಂದು ಮಾತನ್ನು ಹೇಳುತ್ತದೆ, ವಿಜ್ಞಾನವು ಅದಕ್ಕೆ ವಿರುದ್ಧವಾದ ಇನ್ನೊಂದನ್ನು ಹೇಳುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನಮ್ಮ ಪರಂಪರೆಯಲ್ಲಿ ಸೃಷ್ಟಿಯ ವಿಷಯವಾಗಿ ಒಂದೇ ಅಭಿಪ್ರಾಯ ಎಂದೂ ಇರಲಿಲ್ಲ.

ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವು ಸೃಷ್ಟಿಯ ಮೂಲವನ್ನು ಕುರಿತು ಪ್ರಶ್ನೆಗಳನ್ನು ಕೇಳುತ್ತದೆಯೇ ಹೊರತು ಸಿದ್ಧ ಉತ್ತರವನ್ನು ಕೊಡುವುದಿಲ್ಲ. ದೇವತೆಗಳೂ ಸೃಷ್ಟಿಯ ಈಚೆಗೆ ಬಂದವರಾದ್ದರಿಂದ ಮೂಲವನ್ನು ಬಲ್ಲವರು ಯಾರು ಎಂದು ಶಂಕಿಸಿ, ಮೇಲಿನ ಅಧ್ಯಕ್ಷನಾದರೂ ಬಲ್ಲನೋ ಇಲ್ಲವೋ ಎಂಬ ಸಂದೇಹದಲ್ಲಿಯೇ ಅದು ಮುಗಿಯುತ್ತದೆ. ಐತರೇಯ ಉಪನಿಷತ್ತು ಜೀವಿಗಳನ್ನು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸಿದರೆ, ಛಾಂದೋಗ್ಯವು ಮೂರು ಬೀಜಗಳನ್ನು ಮಾತ್ರ ಹೇಳುತ್ತದೆ. ಬೆವರಿನಿಂದ ಹುಟ್ಟುವ ಸ್ವೇದಜ ಅಲ್ಲಿಲ್ಲ. ಅದೇ ಛಾಂದೋಗ್ಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ ಹದಿನೈದು ದಿನ ಅನ್ನ ಬಿಟ್ಟು ಬರಿಯ ನೀರು ಕುಡಿದಿರಲು ಹೇಳುತ್ತಾನೆ. ಆ ಅವಧಿ ಮುಗಿದಾಗ ಮಗನಿಗೆ ಕಲಿತ ವೇದವೇ ನೆನಪಿಗೆ ಬಾರದು. ಉಂಡ ಮೇಲೆ ಎಲ್ಲವೂ ಮರಳಿ ಬರುತ್ತದೆ. ಮನಸ್ಸು ಅನ್ನಮಯ, ಪ್ರಾಣ ಜಲಮಯ ಎಂಬ ಮಾತನ್ನು ತಂದೆಯು ಬರಿಯ ಉಪದೇಶದಿಂದಲ್ಲ, ಪರೀಕ್ಷೆಯಿಂದ ಮನವರಿಕೆ ಮಾಡಿಕೊಡುತ್ತಾನೆ.

ಕನ್ನಡ ನಾಡಿಗೆ ಹತ್ತಿರದ ನಿದರ್ಶನವೂ ಉಂಟು. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನಿಗೆ ಗುರುಸ್ಥಾನದಲ್ಲಿದ್ದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ತಮ್ಮ ಸಂಸ್ಕೃತ ಆದಿಪುರಾಣದಲ್ಲಿ, ಲೋಕಕ್ಕೆ ಕರ್ತೃವೊಬ್ಬನು ಇದ್ದಾನೆಂಬ ವಾದವನ್ನು ಯುಕ್ತಿಯುಕ್ತವಾಗಿ ಖಂಡಿಸಿದ್ದಾರೆ. ಲೋಕವು ಅನಾದಿ, ಅನಂತ ಎಂಬುದು ಜೈನಮತದ ನಿಲುವು. ಆ ಗ್ರಂಥವನ್ನು ಆಧರಿಸಿಯೇ ಮಹಾಕವಿ ಪಂಪನು 941ರಲ್ಲಿ ಕನ್ನಡದ ಆದಿಪುರಾಣವನ್ನು ರಚಿಸಿದನು. ಹೀಗಿರಲು, ಸೃಷ್ಟಿಕರ್ತನನ್ನು ಒಪ್ಪದವನು ಧರ್ಮಹೀನನೆಂದು ಹೇಳುವುದು ನಮ್ಮ ನಾಡಿನ ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಇನ್ನು ಬೈಬಲಿನಲ್ಲಿ ಆರು ದಿನಗಳ ಸೃಷ್ಟಿಯ ವರ್ಣನೆಯಿದೆ. ಜೀವವುಳ್ಳ ಪ್ರತಿಯೊಂದನ್ನೂ ನೀರಿನಿಂದ ಮಾಡಲಾಯಿತೆಂದು ಕುರಾನ್ ಹೇಳುತ್ತದೆ. ಮತಗಳು ಹಲವಾದಂತೆ ಉತ್ತರಗಳೂ ಹಲವು.

ಸ್ವೇದಜದಿಂದ ಸೂಕ್ಷ್ಮಾಣುವಿನವರೆಗೆ

ಹೇನು, ತಿಗಣೆ ಮುಂತಾದವು ಬೆವರು ಮತ್ತು ಕೊಳೆಯಿಂದ ತಾವಾಗಿಯೇ ಹುಟ್ಟುತ್ತವೆಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಗ್ರೀಸಿನ ಅರಿಸ್ಟಾಟಲನ ಕಾಲದಿಂದ ಯುರೋಪಿನಲ್ಲಿಯೂ ಇತ್ತು. ಕೊಳೆತ ಮಾಂಸದಲ್ಲಿ ಹುಳುಗಳು ಕಾಣಿಸಿಕೊಳ್ಳುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಆದ್ದರಿಂದ ಯಾರೂ ಸಂಶಯಪಡಲಿಲ್ಲ. 1668ರಲ್ಲಿ ಇಟಲಿಯ ಫ್ರಾನ್ಸಿಸ್ಕೊ ರೆಡಿ ಎಂಬ ವೈದ್ಯನು ಕೆಲವು ಪಾತ್ರೆಗಳ ಬಾಯಿಗೆ ತೆಳುಬಟ್ಟೆ ಕಟ್ಟಿ, ಕೆಲವನ್ನು ತೆರೆದಿಟ್ಟು ನೋಡಿದನು. ನೊಣ ಕುಳಿತ ಮಾಂಸದಲ್ಲಿ ಮಾತ್ರ ಹುಳುಗಳಾದವು. 1860ರ ಆಸುಪಾಸಿನಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಹಂಸದ ಕೊರಳಿನಂತೆ ಬಾಗಿದ ಗಾಜಿನ ಬುದ್ದಲಿಗಳಲ್ಲಿ ಸಾರನ್ನು ಕುದಿಸಿಟ್ಟನು. ಗಾಳಿ ಒಳಗೆ ಹೋದರೂ ಧೂಳು ಹೋಗದಂತಿದ್ದ ಆ ಬುದ್ದಲಿಗಳಲ್ಲಿ ಸಾರು ಕೆಡಲಿಲ್ಲ. ಕೊರಳು ಮುರಿದಾಗ ಕೆಟ್ಟಿತು. ಬರಿಗಣ್ಣಿಗೆ ಕಾಣದ ಸೂಕ್ಷ್ಮಾಣುಗಳೂ ತಮ್ಮಂಥವೇ ಇತರ ಸೂಕ್ಷ್ಮಾಣುಗಳಿಂದ ಹುಟ್ಟುತ್ತವೆ, ತಾವಾಗಿ ಉದ್ಭವಿಸುವುದಿಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಇದು ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಗಾಯದ ಕೀವು ತಾನಾಗಿ ಆಗುವುದಲ್ಲ, ಹೊರಗಿನಿಂದ ಬಂದ ಸೂಕ್ಷ್ಮಾಣುಗಳಿಂದ ಆಗುವುದು ಎಂದು ತಿಳಿದ ಇಂಗ್ಲಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್, 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ಶುದ್ಧಗೊಳಿಸುವ ವಿಧಾನವನ್ನು ಪ್ರಕಟಿಸಿದನು. ಇಂದು ಆಸ್ಪತ್ರೆಯಲ್ಲಿ ವೈದ್ಯರು ಕೈತೊಳೆದು, ಉಪಕರಣಗಳನ್ನು ಆವಿಯಲ್ಲಿ ಶುದ್ಧಮಾಡಿ ಶಸ್ತ್ರಕ್ರಿಯೆಗೆ ತೊಡಗುವುದರ ಹಿಂದೆ ಈ ತಿಳಿವಳಿಕೆಯಿದೆ.

ನಮ್ಮ ಮುಂಬಯಿಯೂ ಈ ಕಥೆಯಲ್ಲಿ ಪಾಲುಗೊಂಡಿದೆ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಪಾಶ್ಚರ್ ಸಂಸ್ಥೆಯಲ್ಲಿ ದುಡಿದಿದ್ದ ವಾಲ್ಡೆಮಾರ್ ಹಾಫ್ಕಿನ್ ಇಲ್ಲಿಗೆ ಬಂದು, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದನು. 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಪರೇಲಿನ ಹಾಫ್ಕಿನ್ ಸಂಸ್ಥೆಗೆ ಅವನದೇ ಹೆಸರು. 1898ರಲ್ಲಿ ಪ್ಲೇಗು ಬೆಂಗಳೂರಿಗೂ ಹಬ್ಬಿದಾಗ ಜನರು ಪ್ಲೇಗಮ್ಮನ ಗುಡಿ ಕಟ್ಟಿ ಮೊರೆಹೊಕ್ಕರು. ಆ ಭಯದಲ್ಲಿ ಅವರಿಗೆ ಗುಡಿಯು ಧೈರ್ಯ ಕೊಟ್ಟಿದ್ದರೆ ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ರೋಗವನ್ನು ತಡೆಯಲು ಬೇಕಾದದ್ದು ಇಲಿ, ಚಿಗಟ, ಸೂಕ್ಷ್ಮಾಣುಗಳ ಜ್ಞಾನವೇ ಆಗಿತ್ತು.

ಹಾಗಾದರೆ ಮೊದಲ ಜೀವ ಎಲ್ಲಿಂದ ಬಂತು?

ಜೀವದಿಂದಲೇ ಜೀವ ಎಂದು ಪಾಶ್ಚರ್ ತೋರಿಸಿದ ಕೂಡಲೇ ಇನ್ನೊಂದು ತೊಡಕು ಎದ್ದಿತು. ಪ್ರತಿ ಜೀವಿಗೂ ಹಿಂದೊಂದು ಜೀವಿ ಬೇಕಾದರೆ, ಎಲ್ಲಕ್ಕಿಂತ ಮೊದಲಿನದು ಎಲ್ಲಿಂದ ಬಂತು? ನಂಬಿಕೆಯುಳ್ಳವರು ದೇವರಿಂದ ಎಂದರು. ವಿಜ್ಞಾನಿಗಳು ಬೇರೊಂದು ದಾರಿಯಲ್ಲಿ ಯೋಚಿಸಿದರು. ಪಾಶ್ಚರನ ಬುದ್ದಲಿಯಲ್ಲಿದ್ದುದು ಕೆಲವು ದಿನಗಳ ಕಾಲ, ಇಂದಿನ ಗಾಳಿ, ಒಂದಿಷ್ಟು ಸಾರು. ಆದಿಯ ಭೂಮಿಯಲ್ಲಿದ್ದುದು ಕೋಟ್ಯಂತರ ವರ್ಷಗಳ ಕಾಲ, ಬೇರೆಯೇ ಗಾಳಿ, ಇಡೀ ಸಮುದ್ರ. ಅಲ್ಲಿ ನಡೆದುದನ್ನು ಇಲ್ಲಿಯ ಅಳತೆಯಿಂದ ಅಳೆಯಲಾಗದು.

1859ರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಕಟಿಸಿದ ಗ್ರಂಥವು ಜೀವಜಾತಿಗಳು ಒಂದರಿಂದೊಂದು ಹೇಗೆ ವಿಕಾಸಗೊಂಡವೆಂಬುದನ್ನು ಕುರಿತದ್ದು. ಮೊದಲ ಜೀವದ ಹುಟ್ಟನ್ನು ಕುರಿತದ್ದಲ್ಲ. ಈ ಭೇದವನ್ನು ಅನೇಕರು ಗಮನಿಸುವುದಿಲ್ಲ. 1871ರಲ್ಲಿ ಗೆಳೆಯನಿಗೆ ಬರೆದ ಒಂದು ಪತ್ರದಲ್ಲಿ ಮಾತ್ರ ಆತನು, ಸಣ್ಣದೊಂದು ಬೆಚ್ಚನೆಯ ಕೊಳದಲ್ಲಿ ರಾಸಾಯನಿಕ ಕ್ರಿಯೆಗಳಿಂದ ಜೀವ ಮೊದಲಾಗಿರಬಹುದೇ ಎಂದು ಊಹಿಸಿದ್ದಾನೆ. ಈ ಊಹೆಗೆ ಖಚಿತ ರೂಪವನ್ನು ಕೊಟ್ಟವರು 1924ರಲ್ಲಿ ರಷ್ಯದ ಒಪಾರಿನ್, 1929ರಲ್ಲಿ ಬ್ರಿಟನ್ನಿನ ಜೆ. ಬಿ. ಎಸ್. ಹಾಲ್ಡೇನ್. ಈ ಹಾಲ್ಡೇನರು 1957ರಲ್ಲಿ ಕಲ್ಕತ್ತೆಗೆ ಬಂದು ನೆಲೆಸಿ, ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಸ್ವತಃ ಭೌತವಾದಿಯಾಗಿದ್ದರೂ, ಹಿಂದೂ, ಜೈನ, ಬೌದ್ಧ ಚಿಂತನೆಗಳು ಮನುಷ್ಯನಿಗೂ ಪ್ರಾಣಿಗಳಿಗೂ ನಡುವೆ ದೊಡ್ಡ ಗೋಡೆಯನ್ನು ಕಟ್ಟಿಲ್ಲವೆಂಬುದನ್ನು ಅವರು ಮೆಚ್ಚಿಕೊಂಡಿದ್ದರು.

1953ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ತರುಣ ವಿದ್ಯಾರ್ಥಿಯು ಗುರು ಹೆರಾಲ್ಡ್ ಯೂರಿಯ ಮಾರ್ಗದರ್ಶನದಲ್ಲಿ ಈ ವಿಚಾರವನ್ನು ಪರೀಕ್ಷೆಗೆ ಒಡ್ಡಿದನು. ನೀರಿನ ಆವಿ, ಮೀಥೇನ್, ಅಮೋನಿಯ, ಜಲಜನಕಗಳನ್ನು ಗಾಜಿನ ಪಾತ್ರೆಯಲ್ಲಿ ತುಂಬಿ, ಮಿಂಚಿಗೆ ಬದಲಾಗಿ ವಿದ್ಯುತ್ತಿನ ಕಿಡಿಗಳನ್ನು ಹಾಯಿಸಿದನು. ಕೆಲವೇ ದಿನಗಳಲ್ಲಿ ಗ್ಲೈಸೀನ್, ಅಲನೀನ್ ಮೊದಲಾದ ಅಮೈನೊ ಆಮ್ಲಗಳು ಉತ್ಪನ್ನವಾದವು. ನಮ್ಮ ಮೈಯ ಪ್ರೋಟೀನುಗಳು ಇಂಥ ಅಮೈನೊ ಆಮ್ಲಗಳಿಂದಲೇ ಆದವು. ಆದಿಯ ವಾಯುಮಂಡಲವು ಮಿಲ್ಲರ್ ಎಣಿಸಿದಂತೆ ಇರಲಿಲ್ಲವೆಂದು ಮುಂದೆ ಅನೇಕ ವಿಜ್ಞಾನಿಗಳೇ ಆಕ್ಷೇಪಿಸಿದರು. ಆದರೆ ನಿರ್ಜೀವ ವಸ್ತುಗಳಿಂದ ಜೀವದ ಇಟ್ಟಿಗೆಗಳು ತಾವಾಗಿ ಆಗಬಲ್ಲವೆಂಬುದು ಆಮೇಲೆಯೂ ಮತ್ತೆ ಮತ್ತೆ ದೃಢಪಟ್ಟಿದೆ. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಎಂಬಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೊ ಆಮ್ಲಗಳು ದೊರೆತವು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ಭೂಮಿಗೆ ತಂದ ಧೂಳಿನಲ್ಲಿ, ಜೀವಿಗಳು ಬಳಸುವ 20 ಅಮೈನೊ ಆಮ್ಲಗಳ ಪೈಕಿ 14 ಇದ್ದುವೆಂದು 2025ರಲ್ಲಿ ಪ್ರಕಟವಾಯಿತು.

ಇಟ್ಟಿಗೆಗಳಿದ್ದ ಮಾತ್ರಕ್ಕೆ ಮನೆಯಾಗುವುದಿಲ್ಲ. ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವ ಶಕ್ತಿ ಹೇಗೆ ಬಂತೆಂಬುದು ಮುಖ್ಯ ಪ್ರಶ್ನೆ. ಆರ್‌ಎನ್‌ಎ ಎಂಬ ಅಣುವು ಸಂದೇಶವನ್ನು ಹೊರುವುದಲ್ಲದೆ ರಾಸಾಯನಿಕ ಕ್ರಿಯೆಯನ್ನು ತಾನೇ ನಡೆಸಬಲ್ಲದೆಂದು ಕಂಡುಹಿಡಿದ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಅವರಿಗೆ 1989ರ ನೊಬೆಲ್ ಪಾರಿತೋಷಕ ಬಂತು. ಮೊದಲ ಜೀವಕ್ಕೆ ಇಂಥ ಅಣುಗಳೇ ತಳಹದಿಯೆಂದು ಅನೇಕರು ನಂಬುತ್ತಾರೆ. ಆದರೆ ನಿರ್ಜೀವ ವಸ್ತುವಿನಿಂದ ಪೂರ್ಣ ಜೀವಕೋಶವನ್ನು ಯಾವ ಪ್ರಯೋಗಶಾಲೆಯೂ ಇನ್ನೂ ನಿರ್ಮಿಸಿಲ್ಲ. ಇದನ್ನು ಮುಚ್ಚಿಡದೆ ಹೇಳುವುದು ವಿಜ್ಞಾನಕ್ಕೆ ಕುಂದಲ್ಲ. ಅದೇ ಅದರ ಗುಣ.

ಕಲ್ಲುಗಳ ಸಾಕ್ಷ್ಯ

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳು. ಜೀವದ ಅತಿ ಹಳೆಯ ಕುರುಹುಗಳಲ್ಲಿ ಕೆಲವು ಪಶ್ಚಿಮ ಆಸ್ಟ್ರೇಲಿಯದಲ್ಲಿ ಸುಮಾರು 348 ಕೋಟಿ ವರ್ಷಗಳಷ್ಟು ಹಳೆಯ ಶಿಲೆಗಳಲ್ಲಿವೆ. ಇಂಥ ಸಾಕ್ಷ್ಯವನ್ನು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಚಿತ್ರದುರ್ಗ ಸೀಮೆಯ ಶಿಲಾಪಟ್ಟಿಯಲ್ಲಿಯೂ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿಯೂ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರಪದರವಾಗಿ ಬೆಳೆದು ಬಿಟ್ಟುಹೋದ ಗುರುತುಗಳು ಇವು. ಇವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಕನ್ನಡ ನಾಡಿನ ಅತಿ ಪ್ರಾಚೀನ ನಿವಾಸಿಗಳು ಯಾರೆಂದು ಕೇಳಿದರೆ, ಈ ಸೂಕ್ಷ್ಮಜೀವಿಗಳನ್ನೇ ತೋರಿಸಬೇಕು.

ನಾವು ವಾಸಿಸುವ ಮುಂಬಯಿಯ ನೆಲವು ಇದಕ್ಕೆ ಹೋಲಿಸಿದರೆ ತೀರ ಎಳೆಯದು. ಅಂಧೇರಿಯ ಗಿಲ್ಬರ್ಟ್ ಗುಡ್ಡವು ಸುಮಾರು 6 ಕೋಟಿ ವರ್ಷಗಳಿಗೂ ಹಿಂದೆ ಹರಿದ ಲಾವಾರಸದಿಂದ ಆದದ್ದು. ಒಂದು ಲಾವಾ ಪ್ರವಾಹಕ್ಕೂ ಇನ್ನೊಂದಕ್ಕೂ ನಡುವೆ ನಿಂತ ಕೆರೆಗಳ ಕೆಸರಿನಲ್ಲಿ ಸಣ್ಣ ಕಪ್ಪೆಗಳು ಹೂತುಹೋಗಿ, ವರ್ಲಿಯ ಗುಡ್ಡದ ಪದರಗಳಲ್ಲಿ ಅವುಗಳ ಅಸ್ಥಿಗಳು ದೊರೆತವು. 1847ರಲ್ಲಿ, ಎಂದರೆ ಡಾರ್ವಿನನ ಗ್ರಂಥಕ್ಕೂ ಹನ್ನೆರಡು ವರ್ಷ ಮೊದಲು, ಇವುಗಳನ್ನು ವರ್ಣಿಸಿದವನು ಲಂಡನ್ನಿನ ರಿಚರ್ಡ್ ಓವನ್. ಈ ಓವನ್ ಮುಂದೆ ಡಾರ್ವಿನನ ಕಡು ವಿರೋಧಿಯಾದನು. ಆದರೂ ಆತನು ವರ್ಣಿಸಿದ ಕಪ್ಪೆಗಳು ಸಾಕ್ಷ್ಯವಾಗಿಯೇ ಉಳಿದವು. ಸಾಕ್ಷ್ಯದ ಬೆಲೆಯು ಅದನ್ನು ತಂದವನ ಮತವನ್ನು ಅವಲಂಬಿಸಿಲ್ಲ.

ಎರಡು ತಪ್ಪು ದಾರಿಗಳು

ಸಯನ್ ಎಂಬ ಹೆಸರು ಮರಾಠಿಯ ಶೀವ್ ಎಂಬುದರಿಂದ ಬಂದದ್ದು. ಶೀವ್ ಎಂದರೆ ಸೀಮೆ, ಗಡಿ. ಮುಂಬಯಿ ದ್ವೀಪವು ಮುಗಿದು ಸಾಷ್ಟಿ ದ್ವೀಪದ ಕಡೆಗೆ ಸಾಗುವ ಎಲ್ಲೆ ಇದು. ನಂಬಿಕೆ, ವಿಜ್ಞಾನಗಳಿಗೂ ಹೀಗೆಯೇ ಒಂದೊಂದು ಸೀಮೆಯಿದೆ. ಅದನ್ನು ಮೀರಿದಾಗ ಎರಡು ಬಗೆಯ ತಪ್ಪುಗಳಾಗುತ್ತವೆ.

ಮೊದಲನೆಯದು, ಆಧುನಿಕ ವಿಜ್ಞಾನವೆಲ್ಲ ನಮ್ಮ ಪುರಾಣಗಳಲ್ಲಿಯೇ ಇದೆಯೆಂಬ ವಾದ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ ಎಂಬ ಅವತಾರಗಳ ಸರಣಿಯೇ ವಿಕಾಸವಾದವೆಂದು ಹಲವರು ಭಾಷಣಗಳಲ್ಲಿ ಹೇಳುವುದುಂಟು. ಕೇಳಲು ಇದು ಸೊಗಸಾಗಿದೆ. ಆದರೆ ಮೀನು ಆಮೆಯಾಗಿ ಮಾರ್ಪಟ್ಟಿತೆಂದು ಪುರಾಣವು ಎಲ್ಲಿಯೂ ಹೇಳುವುದಿಲ್ಲ. ಧರ್ಮರಕ್ಷಣೆಗಾಗಿ ಭಗವಂತನು ಆಯಾ ರೂಪ ತಾಳಿದನೆಂದು ಹೇಳುತ್ತದೆ. ಈ ಹೋಲಿಕೆಯು ಪ್ರಚಾರಕ್ಕೆ ಬಂದದ್ದೇ ಡಾರ್ವಿನನ ನಂತರ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬ್ರಹ್ಮನ ಒಂದು ಹಗಲಾದ ಕಲ್ಪಕ್ಕೆ 432 ಕೋಟಿ ವರ್ಷಗಳೆಂಬ ಲೆಕ್ಕವು ಭೂಮಿಯ ವಯಸ್ಸಿಗೆ ಹತ್ತಿರವಾಗಿರುವುದೂ ಇಂಥದೇ. ಭೂಮಿಯ ಹುಟ್ಟನ್ನು ಕ್ರಿಸ್ತಪೂರ್ವ 4004ಕ್ಕೆ ನಿಗದಿಪಡಿಸಿದ ಹದಿನೇಳನೆಯ ಶತಮಾನದ ಪಾದ್ರಿ ಅಷರನಿಗಿಂತ ನಮ್ಮವರ ಕಾಲಕಲ್ಪನೆ ವಿಶಾಲವಾಗಿತ್ತೆಂಬುದು ಹೆಮ್ಮೆಯ ಮಾತೇ. ಆದರೆ ಆ ಅಂಕೆಯು ಯುಗಗಳ ಗುಣಾಕಾರದಿಂದ ಬಂದದ್ದು, ಶಿಲೆಗಳ ಪರೀಕ್ಷೆಯಿಂದಲ್ಲ. ನಾಳೆ ವಿಜ್ಞಾನವು ತನ್ನ ಅಂಕೆಯನ್ನು ತಿದ್ದಿಕೊಂಡರೆ ನಾವು ಪುರಾಣವನ್ನು ತಿದ್ದುತ್ತೇವೆಯೆ? ಪುರಾಣಕ್ಕೆ ವಿಜ್ಞಾನದ ಪ್ರಮಾಣಪತ್ರ ಬೇಕಿಲ್ಲ.

ಎರಡನೆಯ ತಪ್ಪು, ವಿಕಾಸವಾದವು ದೇವರಿಲ್ಲವೆಂದು ಸಿದ್ಧಪಡಿಸಿದೆಯೆಂಬ ಮಾತು. ಜೀವವು ಹೇಗೆ ಬೆಳೆಯಿತೆಂಬುದನ್ನು ವಿಜ್ಞಾನವು ವಿವರಿಸುತ್ತದೆ. ಜೀವನವು ಏತಕ್ಕೆ, ಹೇಗೆ ಬಾಳಬೇಕು ಎಂಬ ಪ್ರಶ್ನೆ ಅದರ ಪ್ರಯೋಗಶಾಲೆಗೆ ಬರುವುದಿಲ್ಲ. ಅನುವಂಶೀಯತೆಯ ನಿಯಮಗಳನ್ನು ಬಟಾಣಿ ಗಿಡಗಳಲ್ಲಿ ಕಂಡುಹಿಡಿದ ಮೆಂಡೆಲ್ ಒಬ್ಬ ಕ್ರೈಸ್ತ ಸಂನ್ಯಾಸಿ. ಕೆಥೋಲಿಕರ ಗುರು ಪೋಪ್ ಎರಡನೆಯ ಜಾನ್ ಪಾಲ್ 1996ರಲ್ಲಿ, ವಿಕಾಸವಾದವು ಬರಿಯ ಊಹೆಗಿಂತ ಹೆಚ್ಚಿನದೆಂದು ಒಪ್ಪಿದರು. ಜೀವ ಕೊಡುವವನು ದೇವರೊಬ್ಬನೇ ಎಂಬ ನಂಬಿಕೆಗೆ ಪ್ರಣಾಳ ಶಿಶುವು ಭಂಗ ತರುವುದೆಂದು ಒಂದು ಕಾಲಕ್ಕೆ ಅನೇಕರು ಅಂಜಿದ್ದರು. 1986ರ ಆಗಸ್ಟ್ 6ರಂದು ನಮ್ಮ ಪರೇಲಿನ ಕೆ. ಇ. ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಪ್ರಯತ್ನದಿಂದ ಅಂಥ ಶಿಶು ಜನಿಸಿತು. ಅಂದಿನಿಂದ ಎಷ್ಟೋ ದಂಪತಿಗಳು ವೈದ್ಯರ ನೆರವಿನಿಂದ ಪಡೆದ ಮಗುವಿಗೆ ದೇವಾಲಯದಲ್ಲಿ ನಾಮಕರಣ ಮಾಡಿದ್ದಾರೆ. ಅದರಲ್ಲಿ ಯಾವ ವಿರೋಧವನ್ನೂ ಅವರು ಕಂಡಿಲ್ಲ.

ಪಠ್ಯಪುಸ್ತಕದ ಪ್ರಶ್ನೆ

ನಿಜವಾದ ಜಗಳವು ಹುಟ್ಟುವುದು, ನಂಬಿಕೆಯ ಹೆಸರಿನಲ್ಲಿ ಸಾಕ್ಷ್ಯವನ್ನೇ ಅಲ್ಲಗಳೆದಾಗ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯಸಚಿವರೊಬ್ಬರು, ಮಂಗನು ಮನುಷ್ಯನಾದುದನ್ನು ಯಾರೂ ಕಂಡಿಲ್ಲವಾದ್ದರಿಂದ ಡಾರ್ವಿನನ ಸಿದ್ಧಾಂತ ತಪ್ಪೆಂದು ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಂದಾಗಿ ಅದನ್ನು ನಿರಾಕರಿಸಿದವು. ಇಂದಿನ ಮಂಗನೇ ಮನುಷ್ಯನಾದನೆಂದು ಡಾರ್ವಿನ್ ಹೇಳಿಯೇ ಇಲ್ಲ; ಇಬ್ಬರಿಗೂ ದೂರದ ಕಾಲದಲ್ಲಿ ಸಮಾನ ಪೂರ್ವಜರಿದ್ದರೆಂಬುದು ಸಿದ್ಧಾಂತ. ದಾಯಾದಿಗಳಿಗೆ ಅಜ್ಜ ಒಬ್ಬನಾದರೆ, ಒಬ್ಬ ದಾಯಾದಿ ಇನ್ನೊಬ್ಬನಿಂದ ಹುಟ್ಟಿದನೆಂದು ಅರ್ಥವಲ್ಲ.

2023ರಲ್ಲಿ ಎನ್‌ಸಿಇಆರ್‌ಟಿಯ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಭಾಗವು ಹೊರಬಿದ್ದಿತು. ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಅಧ್ಯಾಯವು ‘ಅನುವಂಶೀಯತೆ’ ಎಂದಷ್ಟೇ ಉಳಿಯಿತು. ಭೂಮಿಯ ಮೇಲೆ ಜೀವದ ಉಗಮವೆಂಬ ಭಾಗವೂ ಅದರೊಡನೆ ಹೋಯಿತು. ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಲಾಯಿತೆಂದು ಕಾರಣ ಕೊಡಲಾಯಿತು. 12ನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠವಿತ್ತು, ನಿಜ. ಆದರೆ ವಾಣಿಜ್ಯ, ಕಲೆಗಳ ಕಡೆಗೆ ಹೋಗುವ ಮಕ್ಕಳು ಅಲ್ಲಿಯ ತನಕ ಹೋಗುವುದಿಲ್ಲ. ಅವರಿಗೆ 10ನೆಯ ತರಗತಿಯೇ ಕೊನೆಯ ಅವಕಾಶ. ಆದ್ದರಿಂದಲೇ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿ ಪೌರನ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನವೇ ಹೇಳುತ್ತಿದೆ. ಶಾಲೆಯು ಕಲಿಸದಿದ್ದರೆ ಮನೆಯಾದರೂ ಕಲಿಸಬೇಕು. ಕೋಟದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡದಲ್ಲಿ ಬರೆದುಕೊಟ್ಟದ್ದು ಇಂಥ ಮನೆಗಳಿಗಾಗಿಯೇ.

ವಿಕಾಸವಾದ ಮತ್ತು ನಮ್ಮ ಆರೋಗ್ಯ

ಕೋಟಿ ವರ್ಷಗಳ ಹಿಂದಿನ ವಿಚಾರದಿಂದ ನಮಗೇನು ಪ್ರಯೋಜನವೆಂದು ಕೇಳುವವರುಂಟು. ಉತ್ತರವು ಔಷಧದ ಅಂಗಡಿಯಲ್ಲಿದೆ.

ಕ್ಷಯರೋಗದ ಸೂಕ್ಷ್ಮಾಣುವನ್ನು ರಾಬರ್ಟ್ ಕೋಖ್ 1882ರಲ್ಲಿ ಕಂಡುಹಿಡಿದನು. ರೋಗಿಯ ಶ್ವಾಸಕೋಶದಲ್ಲಿ ಇಂಥ ಕೋಟ್ಯಂತರ ಸೂಕ್ಷ್ಮಾಣುಗಳಿರುತ್ತವೆ. ಇವೆಲ್ಲ ಒಂದೇ ತೆರನಾಗಿರುವುದಿಲ್ಲ. ಒಂದು ಔಷಧಕ್ಕೆ ಜಗ್ಗದ ಕೆಲವು ಅವುಗಳಲ್ಲಿ ಆಕಸ್ಮಿಕವಾಗಿ ಹುಟ್ಟಿರುತ್ತವೆ. ಆದ್ದರಿಂದ ವೈದ್ಯರು ಹಲವು ಔಷಧಗಳನ್ನು ಒಟ್ಟಿಗೆ, ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಬಲಿಯಾಗುತ್ತದೆ. ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ರೋಗಿಯು ಮಾತ್ರೆ ಬಿಟ್ಟರೆ, ದುರ್ಬಲ ಸೂಕ್ಷ್ಮಾಣುಗಳು ಸತ್ತು ಜಗ್ಗದವು ಉಳಿದಿರುತ್ತವೆ. ಅವು ಬೆಳೆದಾಗ ಹಳೆಯ ಔಷಧವು ನಾಟುವುದಿಲ್ಲ. ಅಷ್ಟಕ್ಕೇ ಮುಗಿಯದೆ, ಅದೇ ಜಗ್ಗದ ರೋಗವು ಕೆಮ್ಮಿನ ಮೂಲಕ ಮನೆಯವರಿಗೂ ನೆರೆಯವರಿಗೂ ತಗಲುತ್ತದೆ. ಡಾರ್ವಿನನು ಪ್ರಕೃತಿಯ ಆಯ್ಕೆಯೆಂದು ಕರೆದದ್ದು ಇದನ್ನೇ. ಕಿಕ್ಕಿರಿದ ಚಾಳುಗಳೂ ಗಾಳಿಯಾಡದ ಕೋಣೆಗಳೂ ಇರುವ ಈ ನಗರದಲ್ಲಿ ಔಷಧಕ್ಕೆ ಜಗ್ಗದ ಕ್ಷಯವು ದೊಡ್ಡ ಪಿಡುಗಾಗಿದೆ.

ಹೋಟೆಲುಗಳಲ್ಲಿ ದುಡಿದು ಅಲ್ಲಿಯೇ ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ನಮ್ಮ ಹುಡುಗರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಊರಿಗೆ ಹೋಗುವಾಗ ಮಾತ್ರೆಯ ಸರಣಿ ತಪ್ಪಬಾರದು. ಹೋದಲ್ಲಿಯೂ ಸರಕಾರಿ ಕೇಂದ್ರಗಳಲ್ಲಿ ಕ್ಷಯದ ಔಷಧವು ಉಚಿತವಾಗಿ ದೊರೆಯುತ್ತದೆ. ಹರಕೆ ಹೊರುವುದು, ದೈವಕ್ಕೆ ಕಾಣಿಕೆ ಕಟ್ಟುವುದು ಅವರವರ ನಂಬಿಕೆ. ಆದರೆ ಹರಕೆ ಹೊತ್ತೆನೆಂದು ಮಾತ್ರೆ ಬಿಡಬಾರದು. ಪೆನಿಸಿಲಿನ್ನಿನ ಜನಕ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗಲೇ, ಅರೆಬರೆ ಪ್ರಮಾಣದ ಸೇವನೆಯಿಂದ ಸೂಕ್ಷ್ಮಾಣುಗಳು ಜಗ್ಗದವಾಗುವುವೆಂದು ಎಚ್ಚರಿಸಿದ್ದನು. ಆ ಎಚ್ಚರಿಕೆಯನ್ನು ಲೆಕ್ಕಿಸದೆ ನೆಗಡಿಗೂ ಆಂಟಿಬಯೊಟಿಕ್ ನುಂಗುವ ಚಟ ನಮ್ಮಲ್ಲಿ ಬೆಳೆದಿದೆ.

ಮನೆಯಲ್ಲಿ ಏನು ಹೇಳೋಣ?

ಕೊನೆಯದಾಗಿ, ತಂದೆತಾಯಿಗಳಿಗೂ ಹಿರಿಯರಿಗೂ ಕೆಲವು ಸೂಚನೆಗಳು.

1. ಮಗುವು ಪ್ರಶ್ನೆ ಕೇಳಿದಾಗ ಗದರಿಸಬೇಡಿ. ಪ್ರಶ್ನೆ ಕೇಳುವುದು ಅಧರ್ಮವಲ್ಲ; ಶ್ವೇತಕೇತುವೂ ಮತ್ತೆ ಮತ್ತೆ ಕೇಳಿದವನೇ.

2. ಅಜ್ಜಿಯ ಕಥೆಯನ್ನು ಸುಳ್ಳೆಂದು ಹಳಿಯಬೇಡಿ. ಅದರಲ್ಲಿ ಭಕ್ತಿ, ನೀತಿ, ಭಾಷೆಯ ಸೊಗಸು ಇವೆ. ಪರೀಕ್ಷೆಯಲ್ಲಿ ಬರೆಯಬೇಕಾದ ವಿಜ್ಞಾನ ಅದಲ್ಲವೆಂದು ಮಾತ್ರ ತಿಳಿಸಿ.

3. ವಿಜ್ಞಾನವು ಇನ್ನೂ ಅರಿಯದ್ದನ್ನು ಅರಿಯದೆಂದೇ ಹೇಳಿ. ಆ ತೆರವಿನಲ್ಲಿ ದೇವರನ್ನು ಕೂರಿಸಿದರೆ, ನಾಳೆ ಉತ್ತರ ದೊರೆತಾಗ ದೇವರು ಅಲ್ಲಿಂದ ಏಳಬೇಕಾಗುತ್ತದೆ. ಭಕ್ತಿಗೆ ಅದಕ್ಕಿಂತ ಗಟ್ಟಿಯಾದ ನೆಲೆ ಬೇಕು.

4. ರಜೆಯಲ್ಲಿ ಊರಿಗೆ ಹೋದಾಗ ದೇವಸ್ಥಾನ, ನಾಗಬನಗಳ ಜೊತೆಗೆ ಒಂದು ಹಳೆಯ ಬಂಡೆಯನ್ನೂ ಮಕ್ಕಳಿಗೆ ತೋರಿಸಿ, ಅದರ ವಯಸ್ಸನ್ನು ಹೇಳಿ.

5. ಕಾಯಿಲೆಯ ವಿಷಯದಲ್ಲಿ ವೈದ್ಯರು ಹೇಳಿದ ಔಷಧವನ್ನು ಹೇಳಿದಷ್ಟು ದಿನ ತಪ್ಪದೆ ಸೇವಿಸಿ.

ಮನುಷ್ಯ, ಕಪ್ಪೆ, ಅರಳಿಮರ, ಕ್ಷಯದ ಸೂಕ್ಷ್ಮಾಣು ಇವೆಲ್ಲವುಗಳ ಜೀವಕೋಶಗಳಲ್ಲಿ ಅನುವಂಶೀಯತೆಯ ಸಂದೇಶವು ಒಂದೇ ಬಗೆಯ ಲಿಪಿಯಲ್ಲಿ ಬರೆದಿದೆ ಎಂಬುದು ಇಂದಿನ ವಿಜ್ಞಾನದ ಮಾತು. ಸಕಲ ಜೀವರಾಶಿಯಲ್ಲಿ ದಯೆಯಿರಲಿ ಎಂಬುದು ನಮ್ಮ ಹಿರಿಯರ ಮಾತು. ಒಂದನ್ನು ತಿಳಿದುಕೊಳ್ಳಲು ಇನ್ನೊಂದನ್ನು ಬಿಡಬೇಕಾಗಿಲ್ಲ. ಆದರೆ ಒಂದನ್ನು ಇನ್ನೊಂದೆಂದು ತಿಳಿಯಬಾರದು. ನಮ್ಮ ಮಕ್ಕಳಿಗೆ ಈ ವಿವೇಕವನ್ನು ಕೊಟ್ಟರೆ, ಅವರು ಪೂಜೆಯ ಕೋಣೆಯಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಅಂಜದೆ ನಿಂತಾರು.